ಬುಟ್ಟಿ ತೆರೆದ ದಿನ

ಕ್ರಾತೇನ್, ಕೆರ್ಕೆನ್ನಾ ದ್ವೀಪ
ಮೇ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಶೇದ್ಲಿ,

ಹೇಗಿದ್ದೀಯ? ಹಡಗಿನ ಒಲೆಯ ಮುಂದೆ ನಿಂತು ನಿಂತು ನಿನ್ನ ಕಾಲು ಊದಿಕೊಳ್ಳುತ್ತಿದೆ ಎಂದು ನಿನ್ನ ಜೊತೆ ಅಡುಗೆಮನೆಯಲ್ಲಿ ದುಡಿಯುವ ಲಸಾದ್ ಬಾಯಿಬಿಟ್ಟ. ನೀನು ಮಾತ್ರ ಫೋನಿನಲ್ಲಿ ‘ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ’ ಎಂದು ಗಿಳಿಪಾಠ ಒಪ್ಪಿಸುತ್ತೀಯ. ಮಲಗುವ ಮುಂಚೆ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರು. ಎಲ್ಲರಿಗೂ ಬಡಿಸಿ ತಾನು ಪಾತ್ರೆಯ ತಳ ಕೆರೆದು ತಿನ್ನುವ ಬುದ್ಧಿ ಇನ್ನಾದರೂ ಬಿಡು. ಲಸಾದ್‌ನ ರಜೆ ಮುಗಿಯಿತು, ಇವತ್ತಿನ ಫೆರ್ರಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ಜೊತೆಗೆ ಒಣಗಿಸಿದ ಆಕ್ಟೋಪಸ್ ಇದೆ, ಅಮ್ಮ ಕುಟ್ಟಿದ ಖಾರವಿದೆ. ದಾರಿಯಲ್ಲಿ ಅವನೇ ತಿಂದು ಮುಗಿಸದಿದ್ದರೆ ನಿನ್ನ ಪುಣ್ಯ. ಇಷ್ಟನ್ನು ಫೋನಿನಲ್ಲಿ ಹೇಳಬಾರದಿತ್ತೇ ಎನ್ನಬೇಡ. ನೀನು ಸಿಗುವುದೇ ಹಡಗು ಬಂದರು ಮುಟ್ಟಿದಾಗ. ಸಿಕ್ಕಾಗಲೂ ಫೋನು ಅಮ್ಮನ ಕಿವಿ ಬಿಟ್ಟು ನನ್ನ ಕೈಗೆ ಬರುವಷ್ಟರಲ್ಲಿ ಕರೆ ಕಟ್ಟಾಗಿರುತ್ತದೆ.

ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾರೆ. ಮಂಡಿಗೆ ನೋವಿದೆ, ನಾಲಿಗೆಗೆ ಇಲ್ಲ. ಈಗಲೂ ನನ್ನ ಪಕ್ಕದಲ್ಲಿ ಕುಳಿತು ಪುದೀನಾ ಬಿಡಿಸುತ್ತಾ ‘ಏನು ಬರೆದೆ? ಓದು ನೋಡೋಣ’ ಎನ್ನುತ್ತಿದ್ದಾರೆ. ಹಾಗಾಗಿ ಗಟ್ಟಿಯಾಗಿ ಓದುತ್ತಲೇ ಬರೆಯುತ್ತಿದ್ದೇನೆ. ನಾಲಿಗೆಯ ಸಾಲನ್ನು ಮಾತ್ರ ಓದಲಿಲ್ಲ.

ಈಗ ಊರಿನ ಸುದ್ದಿ. ನಮ್ಮ ಕಡಲಿನ ಆಚೆ ಗಾಳಿಯಂತ್ರ ನಿಲ್ಲಿಸಿ ಕರೆಂಟು ತೆಗೆಯುತ್ತಾರಂತೆ, ಅದು ಸಮುದ್ರದ ತಳದಲ್ಲಿ ಹೂತ ಕೇಬಲ್ಲಿನಲ್ಲಿ ದಡಕ್ಕೆ ಬರುತ್ತದಂತೆ ಎಂದು ನೀನಿದ್ದಾಗಲೇ ಗುಸುಗುಸು ಇತ್ತಲ್ಲ, ಅದು ನಿಜವಾಗುವ ಹಾಗಿದೆ. ಚಳಿಗಾಲದಲ್ಲಿ ಟ್ಯೂನಿಸ್‌ನಿಂದ ಇಬ್ತಿಹೇಲ್ ಎಂಬ ಹುಡುಗಿ ಬಂದಳು. ಕೇಬಲ್ಲಿಗಾಗಿ ತಳ ಅಗೆದರೆ ನೀರಿಗೆ, ಮೀನಿಗೆ, ನಮಗೆ ಏನೇನು ತೊಂದರೆಯಾಗುತ್ತದೆ ಎಂದು ಊರವರನ್ನೇ ಕೇಳಿ ವರದಿ ಬರೆಯುವುದು ಅವಳ ಕೆಲಸ. ಒಳ್ಳೆಯ ಹುಡುಗಿ. ಮನೆಮನೆಗೂ ಹೋದಳು, ಯಾರು ಕೊಟ್ಟ ಚಹಾವನ್ನೂ ಬೇಡ ಎನ್ನಲಿಲ್ಲ. ಆದರೆ ಅವಳು ಕೇಳಿದ ಪ್ರಶ್ನೆ ನೋಡು: ‘ಕಡಲಲ್ಲಿ ನಿಮ್ಮ ಜಾಗ ಎಲ್ಲಿದೆ? ಅಲ್ಲಿ ಎಷ್ಟು ಮೀನು ಬೀಳುತ್ತೆ?’

ಪಾಪ, ಟ್ಯೂನಿಸ್‌ನಲ್ಲಿ ಬೆಳೆದವಳಿಗೆ ಏನು ಗೊತ್ತು! ನಮ್ಮೂರಲ್ಲಿ ಹೆಣ್ಣುಮಕ್ಕಳ ವಯಸ್ಸನ್ನಾದರೂ ಕೇಳಬಹುದು, ಮೀನೆಷ್ಟು ಎಂದು ಕೇಳುವುದುಂಟೇ? ಬುಟ್ಟಿಗೆ ಒದ್ದೆ ಗೋಣಿ ಮುಚ್ಚದೆ ಯಾವ ಗಂಡಸೂ ದೋಣಿಯಿಂದ ಇಳಿಯುವುದಿಲ್ಲ. ಏನು ಸಿಕ್ಕಿತು ಎಂದರೆ ಅಣ್ಣತಮ್ಮಂದಿರ ಮುಂದೆಯೂ ‘ಬರೀ ಪಾಚಿ’ ಎನ್ನಬೇಕು, ಇಲ್ಲದಿದ್ದರೆ ದೃಷ್ಟಿ ತಗಲುತ್ತದೆ. ಊರಿಗೆ ಊರೇ ಅವಳಿಗೂ ಹಾಗೇ ಹೇಳಿತು. ನಿನ್ನ ಅಮ್ಮನಂತೂ ಎಲ್ಲರನ್ನೂ ಮೀರಿಸಿದರು. ಒಲೆಯ ಮೇಲೆ ಮೀನಿನ ಕುಸ್‌ಕುಸ್ ಬೇಯುತ್ತಿದೆ, ಪರಿಮಳ ಬೀದಿಯ ತನಕ ಹೋಗಿದೆ, ಇವರು ಕಣ್ಣೊರೆಸಿಕೊಂಡು ‘ಮೀನೆಲ್ಲಿ ಬಂತು ಮಗಳೇ? ನನ್ನ ಗಂಡ ಹೋದ್ರು, ಅವರ ಹಿಂದೆಯೇ ಮೀನೂ ಹೋಯ್ತು’ ಎನ್ನುತ್ತಿದ್ದಾರೆ! ಹುಡುಗಿ ಆ ಕುಸ್‌ಕುಸ್‌ಅನ್ನೇ ಎರಡು ಸಲ ಹಾಕಿಸಿಕೊಂಡು ತಿಂದು, ಕೈ ತೊಳೆದು, ಅಮ್ಮ ಹೇಳಿದ್ದನ್ನೇ ಬರೆದುಕೊಂಡು ಹೋದಳು. ನಾನು ಅಡುಗೆಮನೆಗೆ ಓಡಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ.

ನಕ್ಕಿದ್ದು ಅಲ್ಲಿಗೇ ಮುಗಿಯಿತು. ಕಳೆದ ವಾರ ಶಾಲೆಯ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ ವರದಿ ಓದಿದರು. ‘ಈ ಭಾಗದಲ್ಲಿ ಮೀನುಗಾರಿಕೆ ನಾಮಮಾತ್ರಕ್ಕಿದೆ. ಆದ್ದರಿಂದ ಕೇಬಲ್ ಉತ್ತರದ ಆಳವಿಲ್ಲದ ನೀರಿನಲ್ಲಿ ನೇರವಾಗಿ ಬರಬಹುದು.’ ಉತ್ತರದ ನೀರು ಎಂದರೆ ಏನು ಹೇಳು? ಅಜ್ಜಂದಿರ ಕಾಲದಿಂದ ಹೊಲದ ಹಾಗೆ ಮನೆಮನೆಗೆ ಪಾಲಾಗಿ ಬಂದ ನೀರು. ಖರ್ಜೂರದ ಗರಿ ನೆಟ್ಟು ಬೇಲಿ ಕಟ್ಟಿ, ಮೀನನ್ನು ಬೋನಿಗೆ ನಡೆಸಿಕೊಂಡು ಬರುವ ನಮ್ಮೆಲ್ಲರ ಜಾಗವೂ ಅಲ್ಲೇ. ನಿನ್ನ ಅಪ್ಪ ನಿನಗೆ ಬಿಟ್ಟುಹೋದದ್ದೂ ಅಲ್ಲೇ.

ಓದು ಮುಗಿದದ್ದೇ ಪಕ್ಕದ ಮನೆಯ ಬೂರಾವಿ ಕಾಕಾ ಎದ್ದರು. ನೀನು ಹೋದಾಗಿನಿಂದ ತಮ್ಮ ಬೋನಿನ ಜೊತೆ ನಮ್ಮದನ್ನೂ ಎತ್ತಿ, ನಮ್ಮ ಬುಟ್ಟಿಯನ್ನು ಬಾಗಿಲಿಗೇ ತಂದಿಡುವವರು ಅವರೇ ತಾನೆ. ‘ಮೀನಿಲ್ಲ ಅಂತ ನಿಂಗೆ ಯಾವ ಮುಠ್ಠಾಳ ಹೇಳಿದ?’ ಎಂದು ಗುಡುಗಿದರು. ಇಬ್ತಿಹೇಲ್ ಮೆಲ್ಲಗೆ, ‘ನೀವೇ ಕಾಕಾ. ಬರೀ ಪಾಚಿ ಅಂದ್ರಿ’ ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ತಾವೂ ಅದನ್ನೇ ಹೇಳಿದ್ದು ನೆನಪಾಗಿ ಒಬ್ಬೊಬ್ಬರೇ ಸುಮ್ಮನಾದರು. ‘ಸರಿ, ಈಗಲಾದ್ರೂ ಹೇಳಿ, ತಿದ್ದಿ ಬರೀತೀನಿ’ ಎಂದಳು ಹುಡುಗಿ. ಯಾರು ಹೇಳುತ್ತಾರೆ? ಬಲಗಡೆ ನೆರೆಯವ, ಎಡಗಡೆ ಷಡ್ಡಕ. ಎಲ್ಲರೂ ಛಾವಣಿ ನೋಡುತ್ತಾ ಕುಳಿತರು. ನನಗೆ ಅಳುವೇ ಬಂತು. ಇವರ ಮೌನದಲ್ಲೇ ಎಲ್ಲವೂ ಹೋಗುತ್ತದಲ್ಲ ಎನಿಸಿತು.

ಆಗ ನಿನ್ನ ಅಮ್ಮ ಎದ್ದು ನಿಂತರು ನೋಡು! ನನ್ನ ಹೆಗಲು ಹಿಡಿದುಕೊಂಡು, ‘ಬರ್ಕೋ ಮಗಳೇ. ನನ್ನ ಮಗನ ಜಾಗದಿಂದ ದಿನಾ ಬುಟ್ಟಿ ತುಂಬ ಬರುತ್ತೆ. ಆಕ್ಟೋಪಸ್ ಒಣಹಾಕೋಕೆ ನಮ್ಮನೆ ಹಗ್ಗ ಸಾಲಲ್ಲ. ಯಾರ ಕಣ್ಣು ಬೀಳುತ್ತೋ ಬೀಳಲಿ, ಕಣ್ಣಿಗೆ ನಾನು ಹೆದರ್ತೀನಿ, ಆದ್ರೆ ಕೇಬಲ್ಲಿಗೆ ಇನ್ನೂ ಜಾಸ್ತಿ ಹೆದರ್ತೀನಿ’ ಎಂದರು. ಶೇದ್ಲಿ, ಬುಟ್ಟಿಯ ಮೇಲಿನ ಗೋಣಿಗೂ ಇನ್ನೊಂದು ಗೋಣಿ ಹೊದಿಸುವ ಹೆಂಗಸು ಇಡೀ ಊರಿನ ಮುಂದೆ ಹಾಗೆ ಹೇಳಿದ್ದು! ಆ ಕ್ಷಣ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಬೂರಾವಿ ಕಾಕಾ ಮಾತ್ರ ಯಾಕೋ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

ಅಮ್ಮ ಕುಳಿತುಕೊಳ್ಳುವುದೇ ತಡ, ಫ್ರೇಜ್ ಎದ್ದ. ಅವನ ಬಾಯಿ ನಿನಗೆ ಗೊತ್ತಲ್ಲ. ‘ಬುಟ್ಟಿ ಏನು ಬುಟ್ಟಿ! ನಮ್ಮದು ದೋಣಿ ತುಂಬ!’ ಅವನ ಷಡ್ಡಕ ಬಿಡುತ್ತಾನೆಯೇ? ‘ನಿಂದು ದೋಣಿ ಆದ್ರೆ ನಮ್ಮದು ಫೆರ್ರಿ ತುಂಬ!’ ಸಭೆ ಮೀನಿನ ಹರಾಜುಕಟ್ಟೆಯೇ ಆಗಿಹೋಯಿತು. ಇಬ್ತಿಹೇಲ್ ಪೆನ್ನು ಕೆಳಗಿಟ್ಟಳು. ‘ಚಳಿಗಾಲದಲ್ಲಿ ಒಂದು ಮೀನೂ ಇರಲಿಲ್ಲ. ಈಗ ನೋಡಿದ್ರೆ ಕಡಲಲ್ಲಿ ನೀರಿಗೇ ಜಾಗ ಇಲ್ಲ. ನಾನು ಯಾವುದನ್ನ ನಂಬಲಿ? ನಾಳೆ ನಾನೂ ದೋಣಿಯಲ್ಲಿ ಬರ್ತೀನಿ. ಒಂದೊಂದು ಜಾಗದ ಮೀನು ಒಂದೊಂದು ಬುಟ್ಟಿಗೆ ಹಾಕಿ. ದಡಕ್ಕೆ ಬಂದು ಎಲ್ಲರೂ ಗೋಣಿ ತೆಗೀರಿ, ಒಬ್ಬರ ಮುಂದೆ ಒಬ್ಬರು.’

ಅವತ್ತು ಊರಲ್ಲಿ ಯಾರ ಮನೆಯಲ್ಲೂ ಊಟ ಸರಿಯಾಗಿ ಇಳಿಯಲಿಲ್ಲ. ಧೂಪ ಹಾಕಿದ್ದೇ ಹಾಕಿದ್ದು. ಬೆಳಗ್ಗೆ ಅಮ್ಮ ಮಂಡಿ ಎತ್ತಲಾರದೆ ಮನೆಯಲ್ಲೇ ಉಳಿದು, ನನ್ನ ಜೇಬಿಗೆ ಉಪ್ಪು ತುಂಬಿ ಕಳಿಸಿದರು. ದೋಣಿಗಳು ಬಂದವು, ಬುಟ್ಟಿಗಳು ಮರಳಿನ ಮೇಲೆ ಸಾಲಾಗಿ ಕುಳಿತವು, ಗೋಣಿಗೆ ಯಾರೂ ಕೈ ಹಾಕಲೊಲ್ಲರು. ಮೊದಲು ತೆಗೆದವರು ಬೂರಾವಿ ಕಾಕಾನ ಹೆಂಡತಿ. ಕಣ್ಣು ಮುಚ್ಚಿಕೊಂಡು, ‘ದೇವರೇ’ ಎಂದು ಎಳೆದೇಬಿಟ್ಟರು. ಆಮೇಲೆ ಎಲ್ಲರೂ ತೆಗೆದರು. ಎಷ್ಟು ಮೀನು ಅಂತೀಯ! ಬೆಳ್ಳಿಯ ಹಾಗೆ ಹೊಳೆಯುವ ಜೀವಂತ ಮೀನು, ಮಸಿ ಕಾರುವ ಬೊಂಡಾಸ, ಬುಟ್ಟಿ ಹತ್ತಿ ಓಡಿಹೋಗಲು ನೋಡುವ ಆಕ್ಟೋಪಸ್. ಫ್ರೇಜ್‌ನದು ದೋಣಿ ತುಂಬ ಇರಲಿಲ್ಲ, ಬುಟ್ಟಿಯ ಅರ್ಧಕ್ಕಿತ್ತು. ಯಾರೂ ಅವನನ್ನು ಗೇಲಿ ಮಾಡಲಿಲ್ಲ. ಇಷ್ಟು ವರ್ಷ ಒಂದೇ ದಡದಲ್ಲಿ ಬದುಕಿ ಊರಿನ ಮೀನನ್ನು ಊರೇ ಒಟ್ಟಿಗೆ ನೋಡಿದ್ದು ಅವತ್ತೇ. ಯಾರೋ ಹೆಂಗಸು ಮದುವೆಯಲ್ಲಿ ಕೂಗುವ ಹಾಗೆ ಕೂಗಿದಳು, ನಾನೂ ದನಿ ಸೇರಿಸಿದೆ.

ಇಬ್ತಿಹೇಲ್ ಎಲ್ಲವನ್ನೂ ಮತ್ತೆ ಬರೆದುಕೊಂಡಳು. ಕೇಬಲ್ ಗರಿಬೇಲಿಗಳನ್ನು ಬಿಟ್ಟು ಸುತ್ತಿಕೊಂಡು ಬರಬೇಕು, ಆಕ್ಟೋಪಸ್ ಹಿಡಿಯುವ ಕಾಲದಲ್ಲಿ ತಳ ಅಗೆಯಬಾರದು ಎಂದು ವರದಿ ಬದಲಾಗುತ್ತದಂತೆ. ನಮ್ಮ ಬುಟ್ಟಿಯೂ ಚೆನ್ನಾಗಿತ್ತು, ನೀನು ಯಾವ ಯೋಚನೆಯನ್ನೂ ಇಟ್ಟುಕೊಳ್ಳಬಾರದು ಎಂದು ಬರೆಯಲು ಅಮ್ಮ ಹೇಳುತ್ತಿದ್ದಾರೆ. ಬರೆದಿದ್ದೇನೆ.

ಅಮ್ಮ ನಿನ್ನ ಹಣೆಗೆ ಮುತ್ತಿಟ್ಟು ಹರಸಿದ್ದಾರೆ, ನಿನ್ನ ಹಡಗಿನ ಕಡಲು ಶಾಂತವಾಗಿರಲಿ ಎಂದಿದ್ದಾರೆ. ಬೂರಾವಿ ಕಾಕಾ ಸಲಾಂ ತಿಳಿಸಿದ್ದಾರೆ. ನನ್ನದು ನಿನಗೆ ಗೊತ್ತೇ ಇದೆ, ಅಮ್ಮನ ಮುಂದೆ ಅದನ್ನು ಗಟ್ಟಿಯಾಗಿ ಓದಲಾರೆ.

ಎಂದೆಂದಿಗೂ ನಿನ್ನ,
ಮಬ್ರೂಕಾ

ತಾ.ಕ.: ಅಮ್ಮ ನಮಾಜಿಗೆ ಒಳಗೆ ಹೋದರು. ಲಸಾದ್ ಫೆರ್ರಿ ತಪ್ಪುತ್ತದೆ ಎಂದು ಬಾಗಿಲಲ್ಲಿ ಗೊಣಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಮ್ಮ ಬುಟ್ಟಿ ಖಾಲಿ, ಶೇದ್ಲಿ. ಗೋಣಿ ತೆಗೆದರೆ ಒಳಗೆ ಒಂದು ಏಡಿ, ಅಷ್ಟೇ. ಬೂರಾವಿ ಕಾಕಾ ಎಲ್ಲರ ಮುಂದೆ ಅತ್ತುಬಿಟ್ಟರು. ನೀನು ಹೋದ ಮೇಲೆ ಅವರ ಸೊಂಟ ಹಿಡಿದುಕೊಂಡು ನಮ್ಮ ಜಾಗದಲ್ಲಿ ಗರಿ ನೆಡಲು ಆಗಲೇ ಇಲ್ಲವಂತೆ. ನಿನಗೆ ಕೊಟ್ಟ ಮಾತು ತಪ್ಪಿತಲ್ಲ ಎಂದು ನಾಚಿ, ಇಷ್ಟು ಕಾಲ ತಮ್ಮ ಮೀನನ್ನೇ ನಮ್ಮ ಬುಟ್ಟಿಗೆ ಹಾಕಿ, ಗೋಣಿ ಮುಚ್ಚಿ ತಂದುಕೊಡುತ್ತಿದ್ದರು. ಅವರನ್ನು ಬೈಯಬೇಡ, ನಾನು ಅವರ ಕೈಗೆ ಮುತ್ತಿಟ್ಟೆ. ಮನೆಗೆ ಬಂದು ಅಮ್ಮನಿಗೂ ಎಲ್ಲ ಹೇಳಿದೆ. ದೂರದಲ್ಲಿರುವವನಿಗೆ ಇದನ್ನು ತಿಳಿಸಬಾರದು ಎಂಬುದು ಅವರ ಹಟ. ಆದರೆ ಎಲ್ಲರ ಬೇಲಿ ಬಿಟ್ಟು ಬರುವ ಕೇಬಲ್ಲಿಗೆ ಒಂದು ದಾರಿ ಬೇಕು, ಬೇಲಿಯಿಲ್ಲದ ನೀರೆಂದರೆ ನಮ್ಮದೊಂದೇ. ನಮ್ಮಲ್ಲೂ ಬೇಲಿ ಇದ್ದರೆ ದೀಪಸ್ತಂಭದ ಕಡೆಯಿಂದ ಸುತ್ತಿ ತರುತ್ತಾರಂತೆ. ‘ಬಿಟ್ಟುಕೊಡ್ತೀರಾ ಅಕ್ಕಾ?’ ಎಂದು ಇಬ್ತಿಹೇಲ್ ಕೇಳಿದಳು. ದಡವೆಲ್ಲ ನನ್ನನ್ನೇ ನೋಡುತ್ತಿತ್ತು. ‘ಇಲ್ಲ, ಗರಿ ನೆಡೋ ಕಾಲಕ್ಕೆ ನನ್ನ ಗಂಡ ಬರ್ತಾನೆ’ ಎಂದೆ. ಅವಳು ಹಾಗೇ ಬರೆದುಕೊಂಡಳು, ಬೇಸಿಗೆ ಕಳೆದ ಮೇಲೆ ಬಂದು ನೋಡುತ್ತಾಳೆ. ನಿನ್ನನ್ನು ಒಂದು ಮಾತು ಕೇಳದೆ ಹೇಳಿಬಿಟ್ಟಿದ್ದೇನೆ. ನೀನು ಬರದಿದ್ದರೆ ನಾನೇ ನೀರಿಗಿಳಿದು ನೆಡುತ್ತೇನೆ, ಬೇಲಿ ಡೊಂಕಾದರೆ ಬೈಯಬಾರದು. ಆದರೂ ನೀನು ಬಾ.