ಜೊತೆ ದನಿಯವಳು

ಮಂಗಳವಾರ, ಸೆಪ್ಟೆಂಬರ್ 16, ಮಧ್ಯಾಹ್ನ
ಚಟನೂಗಾ

ಗುಡ್ಡಗಾಡಿನ ಹಳೇ ಸಂಗೀತದವರ ಸಮ್ಮೇಳನ, ದೊಡ್ಡ ಹೋಟೆಲಿನಲ್ಲಿ. ಕೊರಳಿಗೆ ಬ್ಯಾಡ್ಜ್. ‘ಇಮೋಜೀನ್ ಸ್ಪ್ರೌಲ್ಸ್, ಮ್ಯಾಂಡೊಲಿನ್.’ ಬೆಳಗಿನ ಕ್ಲಾಸು ಮುಗಿಸಿ ಲಾಬಿಯಲ್ಲಿ ಕೂತಿದ್ದೇನೆ. ಅರ್ಧ ನಿಮಿಷದಲ್ಲಿ ನಿಮ್ಮನ್ನು ಪರಿಚಯಿಸಿಕೊಳ್ಳುವುದು ಹೇಗೆ, ಅದು ಪಾಠ. ಕಲಿಸಿದ್ದು ನ್ಯಾಶ್‌ವಿಲ್ಲಿನ ಏಜೆಂಟ್ ಮಿಸ್ ಲೇನಿಯರ್. ಒಬ್ಬೊಬ್ಬರಾಗಿ ಎದ್ದು ಹೇಳಿದರು. ಬ್ಯಾಂಜೊದವನು, ರೇಡಿಯೊದವಳು, ಉತ್ಸವ ನಡೆಸುವ ದಂಪತಿ. ನನ್ನ ಸರದಿ.

“ನಾವು ವರ್ಜೀನಿಯಾದ ಗುಡ್ಡದವರು. ನಾವು ಹಾಡೋದು ಹಳೇ ರೀತಿ...”

“ನಾವು ಅಂದ್ರೆ? ಇನ್ನೊಬ್ರು ಎಲ್ಲಿ?” ಮಿಸ್ ಲೇನಿಯರ್ ಕೇಳಿದರು.

ಎಲ್ಲರೂ ತಿರುಗಿ ನೋಡಿದರು. ಅಕ್ಕ ಮನೆಯಲ್ಲಿದ್ದಾಳೆ ಎಂದೆ. ಥೈರಾಯ್ಡ್ ಆಪರೇಷನ್ ಆಯಿತು, ದನಿ ಹೋಯಿತು ಎನ್ನಲಾಗಲಿಲ್ಲ. ಅರ್ಧ ನಿಮಿಷ ಮುಗಿದಿತ್ತು.

ಜೇಬಿನ ತುಂಬ ಬೇರೆಯವರ ಕಾರ್ಡು. ನನ್ನದು ಇನ್ನೂ ಒಂದೂ ಕೊಟ್ಟಿಲ್ಲ. ಅದರಲ್ಲಿ ಇಬ್ಬರ ಹೆಸರೂ ಇದೆ, ಹಳೆಯದು.

ಬುಧವಾರ, 17

ಹಿರಿಯರ ಜೊತೆ ಮಾತುಕತೆ ಎಂದು ಒಂದು ಗಂಟೆ ಗೊತ್ತು ಮಾಡಿಕೊಡುತ್ತಾರೆ. ನನಗೆ ಸಿಕ್ಕವರು ಪರ್ವಿಸ್ ಸ್ಟ್ರೌಡ್. ಎಪ್ಪತ್ತು ದಾಟಿದೆ. ಸ್ವಂತ ತಂಡ, ಸ್ವಂತ ಬಸ್ಸು. ಇವರ ಜೊತೆ ಮೇಲಿನ ದನಿ ಹಾಡುತ್ತಿದ್ದವನು ಇನ್ನು ಮೊಮ್ಮಕ್ಕಳ ಜೊತೆ ಇರುತ್ತೇನೆ ಎಂದು ನಿಂತುಬಿಟ್ಟನಂತೆ.

“ಒಂದು ಪದ್ಯ ಹಾಡು, ಕೇಳೋಣ.”

ಹಾಡಿದೆ. ಅರ್ಧಕ್ಕೇ ಕೈ ಎತ್ತಿದರು.

“ತಾಯಿ, ನೀನು ಹಾಡ್ತಿರೋದು ಹಾಡಲ್ಲ. ಹಾಡಿನ ಪಕ್ಕದ್ದು.”

“ನನಗೆ ಗೊತ್ತಿರೋದು ಅದೇ, ಜೊತೆ ದನಿ.”

“ಮತ್ತೆ ಹಾಡು ಎಲ್ಲಿ?”

“ಅಕ್ಕನ ಹತ್ರ.”

ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಸುದ್ದಿ ಮೊದಲೇ ಕೇಳಿದ್ದರೇನೋ, ಅಕ್ಕನ ಹೆಸರು ಹಿಡಿದು, ಡೆಲ್ಫಿಯಾ ಹೇಗಿದ್ದಾಳೆ ಎಂದರು. ಪಿಸುಗುಡುತ್ತಾಳೆ ಎಂದೆ. ನಾಳೆ ಹೋಟೆಲಿನ ಏಳನೇ ಮಹಡಿಯ ಕಾರಿಡಾರಿಗೆ ಬಾ, ನಾನು ಹಾಡ್ತೀನಿ, ನೀನು ಪಕ್ಕದ್ದು ಹಾಡು ಎಂದರು.

ಗುರುವಾರ, 18

ಹೇಗೆ ಬರೆಯಲಿ.

ಲಿಫ್ಟಿನ ಪಕ್ಕ ಐದಾರು ಜನ. ಗಿಟಾರು, ಬಾಸ್, ಫಿಡಲ್. ಸ್ಟ್ರೌಡ್ ಅವರ ದನಿ ಒಣ ಸೌದೆಯ ಹಾಗೆ. ಮೊದಲ ಹಾಡು ಕೆಟ್ಟಿತು. ಅಕ್ಕ ಉಸಿರೆಳೆಯುವ ಕಡೆ ನಾನು ನಿಲ್ಲುತ್ತೇನೆ. ಇವರು ಅಲ್ಲಿ ನಿಲ್ಲುವುದಿಲ್ಲ. ಎರಡನೆಯದೂ ಹಾಗೇ. ಮೂರನೆಯದರಲ್ಲಿ, ಯಾಕೋ, ಎರಡು ದನಿ ಕಚ್ಚಿಕೊಂಡವು. ಗೋಡೆಯೇ ಗುಂಯ್‌ಗುಟ್ಟಿದಂತಾಯಿತು. ಕೋಣೆಗಳ ಬಾಗಿಲು ತೆರೆದು ಜನ ಹೊರಗೆ ಬಂದರು.

ಸುಖವಾಯಿತು. ಅದೇ ಕಷ್ಟ. ಒಂದೂವರೆ ವರ್ಷದಿಂದ ಎದೆಯ ಎಡಗಡೆ ಯಾರೋ ಇರಬೇಕಿತ್ತು, ಇಲ್ಲ ಎನಿಸುತ್ತಿತ್ತು. ಆ ಜಾಗದಲ್ಲಿ ಇವತ್ತು ಬೇರೆ ಯಾರೋ ಬಂದು ಕೂತಂತೆ. ಏಳಿ ಎನ್ನಲೂ ಬಾಯಿಲ್ಲ.

ಜನವರಿಯಿಂದ ನಮ್ಮ ತಂಡದ ಜೊತೆ ಬರುತ್ತೀಯಾ ಎಂದು ಸ್ಟ್ರೌಡ್ ಕೇಳಿದರು. ವರ್ಷದ ಮುಕ್ಕಾಲು ಬಸ್ಸಿನಲ್ಲಿ. ಶನಿವಾರ ಹೇಳಬೇಕು.



ಶುಕ್ರವಾರ, 19

ಬೆಳಿಗ್ಗೆ ಅಕ್ಕನಿಗೆ ಫೋನ್. ಪಿಸುಮಾತು ಕೇಳಬೇಕೆಂದರೆ ಇನ್ನೊಂದು ಕಿವಿ ಮುಚ್ಚಿಕೊಳ್ಳಬೇಕು. ಪಾರ್ಕಿಂಗ್ ಜಾಗಕ್ಕೆ ಹೋಗಿ ನಿಂತು, ಸ್ಟ್ರೌಡ್ ಕರೆದದ್ದು ಹೇಳಿದೆ.

“ಹೋಗು.”

“ಬೀನ್ಸ್ ಬೇಯಿಸಿಕೊಂಡು ಒಬ್ಬಳೇ ಇರ್ತೀಯಾ?”

“ನೀನು ಪಕ್ಕದಲ್ಲಿ ಕೂತ್ರೆ ನನ್ನ ಗಂಟಲು ಬರುತ್ತಾ?”

“ಅವರ ದನಿ ನಿನ್ನಷ್ಟಿಲ್ಲ, ಅಕ್ಕ.”

“ಗೊತ್ತು. ಅದಕ್ಕೇ ಹೋಗು ಅಂದದ್ದು. ಚೆನ್ನಾಗಿದ್ದಿದ್ರೆ ಹೋಗು ಅಂತಿರ್ಲಿಲ್ಲ.”

ನಕ್ಕೆವು. ಅವಳ ನಗುವಿಗೂ ಸದ್ದಿಲ್ಲ. ಆಮೇಲೆ ಕೇಳಿದಳು:

“ಹಾಡಿದಾಗ ಹೇಗಿತ್ತು?”

“ಏನೋ. ಪರವಾಗಿಲ್ಲ.”

“ಸುಳ್ಳು.”

ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದೆ. ಎತ್ತಲಿಲ್ಲ. ಮಧ್ಯಾಹ್ನವೂ ಇಲ್ಲ.

ಕಾಂಟ್ರಾಕ್ಟ್ ಓದುವುದು ಹೇಗೆ ಎಂಬ ಕ್ಲಾಸಿನಲ್ಲಿ ಕೂತೆ. ಒಂದಕ್ಷರ ತಲೆಗೆ ಹೋಗಲಿಲ್ಲ.

ಭಾನುವಾರ, 21
ಮನೆ

ನಿನ್ನೆ ಬರೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಹೋಟೆಲಿನಲ್ಲಿ ಲಿಫ್ಟಿನ ಬಾಗಿಲು ತೆರೆದರೆ ಅಕ್ಕ. ಕೊರಳಿಗೆ ನೀಲಿ ಸ್ಕಾರ್ಫ್. ಹೇಳದೆ ಕೇಳದೆ ಕತ್ತಲಲ್ಲೇ ಹೊರಟು ಒಬ್ಬಳೇ ಟ್ರಕ್ ಓಡಿಸಿಕೊಂಡು ಬಂದಿದ್ದಾಳೆ. ಹಳಬರೆಲ್ಲ ಮುತ್ತಿಕೊಂಡರು. ಯಾರೋ ಗೊತ್ತಿಲ್ಲದವರು ಒಂದು ಹಾಡಿ ಎಂದರು. ಗಂಟಲು ಮುಟ್ಟಿ ತೋರಿಸಿ, ನಕ್ಕಳು. ನಾನು ಗೋಡೆ ನೋಡಿದೆ.

ಕಾರಿಡಾರಿನಲ್ಲಿ ನನ್ನ ಎದುರೇ ಕುರ್ಚಿ ಹಾಕಿಕೊಂಡು ಕೂತಳು. ಸ್ಟ್ರೌಡ್ ಶುರು ಮಾಡಿದರು. ಅಕ್ಕನ ತುಟಿ ಆಡತೊಡಗಿತು. ಒಂದೊಂದು ಮಾತೂ, ಸದ್ದಿಲ್ಲದೆ. ನನ್ನ ದನಿ ತಾನಾಗಿ ಅತ್ತ ಹೋಯಿತು. ಸ್ಟ್ರೌಡ್ ತಡವರಿಸಿ ನಿಂತರು. ನಾನು ನಿಲ್ಲಲಿಲ್ಲ. ಇಡೀ ಸಾಲು ಒಬ್ಬಳೇ ಹಾಡಿದೆ, ಅವಳ ತುಟಿ ನೋಡುತ್ತ. ನನ್ನ ಕಿವಿಗೆ ಎರಡು ದನಿ ಕೇಳಿತು. ಆಣೆಯಿಟ್ಟು ಹೇಳುತ್ತೇನೆ, ಎರಡು.

ಸ್ಟ್ರೌಡ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡರು.

“ಅವಳು ಎದುರಿಗಿರೋವರೆಗೆ ನಾನಿಲ್ಲಿ ಯಾರೂ ಅಲ್ಲ,” ಎಂದರು. ಬೇಸರವಿಲ್ಲ ಮಾತಿನಲ್ಲಿ.

ಅಕ್ಕ ಎದ್ದಳು. ಹೊರಟುಹೋಗುತ್ತಾಳೆ ಎಂದುಕೊಂಡೆ. ಕುರ್ಚಿ ಎತ್ತಿಕೊಂಡು ಬಂದು ನನ್ನ ಬೆನ್ನ ಹಿಂದೆ ಹಾಕಿ ಕೂತಳು. ನನಗೆ ಕಾಣದ ಹಾಗೆ. ಅವಳ ಮೊಣಕಾಲು ನನ್ನ ಬೆನ್ನಿಗೆ ತಾಗಿತು.

“ಈಗ ಹಾಡು.”

ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ. ಸ್ಟ್ರೌಡ್ ಮತ್ತೆ ಮೊದಲಿನಿಂದ ಎತ್ತಿಕೊಂಡರು. ಅವರ ಬಾಯನ್ನೇ ನೋಡಿದೆ. ಹಾಡಿದೆವು, ಕೊನೆಯವರೆಗೆ. ಚೆನ್ನಾಗಿತ್ತು. ನನ್ನ ಬೆನ್ನ ಹಿಂದೆ ಏನಾಯಿತೋ ಗೊತ್ತಿಲ್ಲ. ಫಿಡಲ್‌ನವನು ಅವಳನ್ನು ನೋಡಿ ತಲೆ ತಗ್ಗಿಸಿದ್ದು ಕಂಡಿತು.

ಮುಗಿದ ಮೇಲೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು: “ಎರಡನೇ ಪದ್ಯದಲ್ಲಿ ಶ್ರುತಿ ಸ್ವಲ್ಪ ಇಳೀತು.”

“ಇಳೀಲಿಲ್ಲ.”

“ಇಳೀತು ಕಣೇ. ಬಸ್ಸಲ್ಲಿ ಇದನ್ನೆಲ್ಲ ಯಾರು ಹೇಳ್ತಾರೆ ನಿನಗೆ?”

ಸ್ಟ್ರೌಡ್ ಅವರಿಗೆ ಹೂಂ ಎಂದೆ.

ವಾಪಸ್ಸು ಅವಳ ಟ್ರಕ್ ಮುಂದೆ, ನನ್ನ ಕಾರು ಹಿಂದೆ. ದಾರಿಯುದ್ದಕ್ಕೂ ಅವಳ ತಲೆಯ ಹಿಂಭಾಗ ನೋಡುತ್ತ ಬಂದೆ.

ಜನವರಿ 10, ಶನಿವಾರ
ಕೆಂಟಕಿ, ಶಾಲೆಯೊಂದರ ಹಾಲ್

ಬಸ್ಸಿನ ಎರಡನೇ ದಿನ. ಹೊರಗೆ ಹಿಮ. ಮೊದಲರ್ಧ ಚೆನ್ನಾಗಿ ಹೋಯಿತು. ಈಗ ವಿರಾಮ. ವೇದಿಕೆ ಹಿಂದಿನ ಕೋಣೆಯಲ್ಲಿ ಕೂತಿದ್ದೇನೆ.

ಒಬ್ಬ ಹೆಂಗಸು ಬಂದು ಕೈ ಹಿಡಿದುಕೊಂಡಳು. ಅವಳ ಮದುವೆಯಲ್ಲಿ ನಾವು ಹಾಡಿದ್ದೆವಂತೆ. ನನಗೆ ನೆನಪಿಲ್ಲ.

“ನಿಮ್ಮ ಅಕ್ಕ ಬಂದಿಲ್ವಾ?”

ಹೇಳಿದೆ. ಈ ಸಲ ಪೂರ್ತಿ ಹೇಳಿದೆ.

ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿದಳು. ಆಮೇಲೆ, “ಹಾಗಾದ್ರೆ ನೀವಿಬ್ರು ಹಾಡ್ತಿದ್ದ ಹಾಡುಗಳು? ಅವನ್ನ ಇನ್ಮೇಲೆ ಯಾರು...”

ಗಂಡ ಕರೆದ, ಹೋದಳು. ಕೈಯಲ್ಲಿ ಇನ್ನೂ ಅವಳ ಬಿಸಿ ಇದೆ.

ಸ್ಟ್ರೌಡ್ ಬಾಗಿಲು ತಟ್ಟುತ್ತಿದ್ದಾರೆ. ಬಂದೆ ಎಂದೆ. ಆ ಹಾಡುಗಳನ್ನು ಅಕ್ಕ ತುಟಿಯಲ್ಲೇ ಹಾಡುತ್ತಾಳೆ, ಮನೆಗೆ ಹೋದಾಗ ನಾನು ಪಕ್ಕದ್ದು ಹಾಡುತ್ತೇನೆ.