ಅಕ್ಕೋರು ಹೇಳಿದ ಅರ್ಥ

ವಡಾಲ, ಮುಂಬಯಿ
೧೭-೮-೧೯೫೪

ಪ್ರೀತಿಯ ಕಾಶಕ್ಕನಿಗೆ ತಂಗಿ ಅಂಬವ್ವನ ಶರಣಾರ್ಥಿ.

ಶ್ರಾವಣ ಬಂದರೂ ಕಾಗದ ಹಾಕಲಿಲ್ಲವೆಂದು ಬೈದುಕೊಂಡಿರುತ್ತೀ. ತಪ್ಪು ನನ್ನದೇ. ಹೊಟ್ಟೆ ಉರಿಯುವಾಗ ಬರೆಯುವುದು ಬೇಡವೆಂದು ತಡೆದೆ. ಉರಿ ಆರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಈಗ ಗಿರಣಿಯಿಂದ ನೇರ ಮನೆಗೆ ಬರುವುದಿಲ್ಲ. ನಮ್ಮ ಚಾಳಿನ ಕೆಳಗೇ ದೊಡ್ಡವರಿಗೆ ಕನ್ನಡ ಶಾಲೆ ತೆರೆದಿದ್ದಾರೆ. ಕಲಿಸುವವಳು ವಿನೋದಿನಿ, ಉಡುಪಿ ಕಡೆಯವಳು, ಇನ್ನೂ ಮದುವೆಯಾಗಿಲ್ಲ. ಇವರ ಬಾಯಲ್ಲಿ ಮೂರು ಹೊತ್ತೂ ‘ಅಕ್ಕೋರು’. ಅಕ್ಕೋರು ಹೀಗೆಂದರು, ಅಕ್ಕೋರು ಹಾಗೆಂದರು. ನಾಲ್ಕನೆಯ ಇಯತ್ತೆ ಓದಿದ ನಾನು ಹತ್ತು ವರ್ಷ ಇವರಿಗೆ ಕಾಗದ, ಪೇಪರು ಎಲ್ಲ ಓದಿ ಹೇಳಿದೆನಲ್ಲ, ಒಂದು ದಿನವಾದರೂ ನನ್ನನ್ನು ಅಕ್ಕೋರು ಎಂದರೇ?

ಅಕ್ಷರ ಕೂಡಿಸುವುದು ಮುಗಿದು ಈಗ ಅರ್ಥದ ಪಾಠ ನಡೆದಿದೆ. ಒಂದಿಷ್ಟು ಓದಿ, ಪುಸ್ತಕ ಮುಚ್ಚಿ, ತಿಳಿದದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕಂತೆ. ಮೊನ್ನೆ ನಾನು ಪೇಪರು ಓದುತ್ತಿದ್ದೆ. ಇವರು ಕಸಿದು ಬೆನ್ನ ಹಿಂದೆ ಹಿಡಿದರು.

“ಓದಿದಿಯಲ್ಲ, ಏನ್ ತಿಳೀತು ಹೇಳು ನೋಡೋಣು.”

ನಾನು ಪೇಪರಿಗೆ ಕೈ ಚಾಚಿದೆ.

“ನೀ ಬರೇ ಓದ್ತಿ. ಅಕ್ಕೋರು ತಿಳಿಸಿ ಓದಸ್ತಾರ.”

ಆವತ್ತು ಇವರ ರೊಟ್ಟಿ ಸೀಯಿಸಿದೆ, ಬೇಕೆಂದೇ.

ಒಮ್ಮೆ ಬಾಗಿಲಲ್ಲಿ ನಿಂತು ನೋಡಿಯೂ ಬಂದೆ. ಎರಡು ಜಡೆ, ಕೈಗೆ ಗಡಿಯಾರ. ಇವರ ಉತ್ತರಕ್ಕೆ ಅವಳು “ಶಾಬಾಸ್” ಅಂದಾಗ ಇವರ ಮುಖ ನೋಡಬೇಕಿತ್ತು. ನಮ್ಮ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

ಅತ್ತೆಯ ಕಾಗದವನ್ನೂ ಈಗ ಇವರೇ ಒಡೆಯುತ್ತಾರೆ, ಇವರೇ ನನಗೆ ಓದಿ ಹೇಳುತ್ತಾರೆ. ಹೋದ ವಾರ ಬಂದದ್ದನ್ನೂ ಓದಿದರು: ಮಳೆ ಆಗಿದೆ, ಎಮ್ಮೆ ಕರು ಹಾಕಿದೆ, ಎಲ್ಲರೂ ಕ್ಷೇಮ. ನನ್ನ ಕೆಲಸವನ್ನು ಆ ಹುಡುಗಿ ಕಿತ್ತುಕೊಂಡಳು ಅನ್ನಿಸಿ ಅಳು ಬಂತು.

ಭಾವನವರಿಗೆ ನಮಸ್ಕಾರ. ಶರಣವ್ವನಿಗೆ ಚಿಕ್ಕಮ್ಮನ ಆಶೀರ್ವಾದ. ಅವಳನ್ನು ಶಾಲೆ ಬಿಡಿಸಬೇಡ.

ನಿನ್ನ ತಂಗಿ,
ಅಂಬವ್ವ

ತಾ.ಕ.: ಕಾಗದ ಅಂಟಿಸುವ ಮೊದಲು ನೀರಿಗೆ ಹೋದಾಗ ನಳದ ಹತ್ತಿರ ವಿನೋದಿನಿ ಸಿಕ್ಕಳು.

“ಊರಿಂದ ಸಿಹಿ ಸುದ್ದಿ ಬಂದಿದೆಯಲ್ಲ ಮಾರಾಯ್ರೆ! ಎಲ್ಲರೂ ಊರ ಕಾಗದ ತನ್ನಿ ಅಂದಿದ್ದೆ. ನಿಮ್ಮ ಪರಪ್ಪನವರದ್ದನ್ನು ನಾನೇ ಓದಿದೆ. ‘ಮಲ್ಲವ್ವಗ ಉಡಿ ತುಂಬಿ ಬಂದೇವಿ, ನೀ ಬರೂದಷ್ಟ ಬಾಕಿ’ ಅಂತ ಇತ್ತು. ಅರ್ಥ ಹೇಳಿ ಅಂದರೆ ಸುಮ್ಮನೆ ಕೂತರು. ಉಡಿ ಅಂದರೆ ಮಡಿಲು ಅಲ್ವಾ? ಮಲ್ಲವ್ವನಿಗೆ ಮಗುವಾಗಿದೆ, ನೋಡಲು ಬಾ ಅಂತ ನಾನೇ ಬಿಡಿಸಿ ಹೇಳಿದೆ. ಹೌದು ಅಂದರು.”

ಆ ಸಾಲನ್ನು ಇವರು ನನಗೆ ಓದಿರಲೇ ಇಲ್ಲ. ಇವರ ಸೋದರಮಾವನ ಮಗಳು ಮಲ್ಲವ್ವ ಇನ್ನೂ ಕನ್ಯೆ. ನಮ್ಮ ಕಡೆ ಗಂಡಿನವರು ಹೋಗಿ ಕನ್ಯೆಗೆ ಉಡಿ ತುಂಬಿದರೆ ಮದುವೆ ಗೊತ್ತಾಯಿತೆಂದೇ ಅರ್ಥ ಎಂದು ಆ ಹುಡುಗಿಗೆ ಏನು ಗೊತ್ತು, ಪಾಪ. ಉಡಿ ತುಂಬಿದವರು ಅತ್ತೆ, ಗಂಡು ಇವರೇ. ಹತ್ತು ವರ್ಷವಾಯಿತು, ನನಗೆ ಮಕ್ಕಳಾಗಲಿಲ್ಲ. ನಾನು ಇಲ್ಲಿ ವಿನೋದಿನಿಯ ಜಡೆ ನೋಡುತ್ತ ಕೂತೆ.

ಅಕ್ಕ, ಅತ್ತೆಯ ಮನೆಗೂ ನಿನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಉಡಿ ತುಂಬಲು ಐವರು ಮುತ್ತೈದೆಯರು ಬೇಕು. ನಿನ್ನನ್ನೂ ಕರೆದಿದ್ದರೇ? ನೀನು ಹೋದೆಯಾ?