ನೂರಾ ಹದಿನಾಲ್ಕನೆಯ ಪುಟ

ಸೆಪ್ಟೆಂಬರ್ 29, ಸೋಮವಾರ. ಬೆಳಿಗ್ಗೆ 8.50, ಮೆಟ್ರೋ

ಹೌಜ್ ಖಾಸ್‌ನಲ್ಲೇ ಸೀಟು ಸಿಕ್ಕಿತು. ಆಫೀಸಿನ ಸ್ಟೇಷನ್ ಸಿಕಂದರ್‌ಪುರದವರೆಗೆ ಬರೆಯಬಹುದು.

ಇನ್ನು ಹದಿನೈದು ದಿನ. ಅಕ್ಟೋಬರ್ 14, 15 — ಆಶ್‌ಕಂಬ್‌ನ ಎರಡನೇ ಸಿಂಫನಿಯ ರೆಕಾರ್ಡಿಂಗ್. ವಿಲ್ಫ್ರಿಡ್ ಆಶ್‌ಕಂಬ್ ಎಂದರೆ ಇಂಗ್ಲೆಂಡಿನಲ್ಲೇ ಹತ್ತು ಜನಕ್ಕೆ ಗೊತ್ತಿರಲಿಕ್ಕಿಲ್ಲ. 1938ರಲ್ಲಿ ಬರೆದ. ಯುದ್ಧ ಬಂತು, ಯಾರೂ ನುಡಿಸಲಿಲ್ಲ. ಸತ್ತೂ ಹೋದ. ಕೈಬರಹ ಯಾವುದೋ ಲೈಬ್ರರಿಯ ಪೆಟ್ಟಿಗೆಯಲ್ಲಿತ್ತು. ಅದರ ಸ್ಕ್ಯಾನ್ ಗುರುಗ್ರಾಮಕ್ಕೆ, ನನ್ನ ಟೇಬಲ್ಲಿಗೆ ಬಂತು. ಏಳು ತಿಂಗಳು ಒಂದೊಂದೇ ಸ್ವರ ಕಂಪ್ಯೂಟರಿಗೆ ಏರಿಸಿದೆ. ಆಮೇಲೆ ಪಿಟೀಲಿನವರಿಗೆ ಬೇರೆ, ಹಾರ್ನಿನವರಿಗೆ ಬೇರೆ, ಒಬ್ಬೊಬ್ಬರ ಮುಂದೆ ಇಡುವ ಹಾಳೆಗಳು. ಕಳೆದ ವಾರ ಎಲ್ಲ ಹೋಯಿತು.

ಯಾವ ವಾದ್ಯದಲ್ಲೂ ಒಮ್ಮೆಯೂ ಹುಟ್ಟಿರದ ಸಂಗೀತ. ಸದ್ಯಕ್ಕೆ ನನ್ನ ತಲೆಯೊಳಗಷ್ಟೇ ಇದೆ. ರೆಕಾರ್ಡ್ ಬಂದ ದಿನ ಅಪ್ಪನಿಗೆ ಕೇಳಿಸಬೇಕು. ಆರ್ಮಿ ಬ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಹಾರ್ನ್ ಊದಿದವರು. ನನಗೆ ಸ್ವರ ಓದಲು ಕಲಿಸಿದ್ದೂ ಅವರೇ, ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿ.

ಸ್ಟೇಷನ್ ಬಂತು.

ಅಕ್ಟೋಬರ್ 1, ಬುಧವಾರ. ಸಂಜೆ 4.10

ಮನೆಗೆ ಹೋಗುವವರೆಗೆ ಕಾಯಲಾರೆ. ಇಲ್ಲೇ ಬರೆಯುತ್ತೇನೆ.

ಹಳೆಯ ಫೈಲುಗಳನ್ನು ಎತ್ತಿಡುತ್ತಿದ್ದೆ. ಇಂಗ್ಲೆಂಡಿನಿಂದ ಬಂದ ಸ್ಕ್ಯಾನ್ 286 ಪುಟ. ನನ್ನ ಕೆಲಸದ ಫೋಲ್ಡರಿನಲ್ಲಿ 285. ಮೂರು ಸಲ ಎಣಿಸಿದೆ. 113 ಇದೆ. 115 ಇದೆ. ನಡುವಿನದು ಕಾಪಿಯೇ ಆಗಿಲ್ಲ.

ನೂರಾ ಹದಿನಾಲ್ಕು. ಸಿಂಫನಿಯ ನಿಧಾನದ ಭಾಗ, ಆ ಮೂವ್‌ಮೆಂಟಿನ ಕೊನೆಯ ಹತ್ತಿರ. ಒಂಬತ್ತು ಬಾರ್, ಅಂದರೆ ತಾಳದ ಒಂಬತ್ತು ಆವರ್ತ. ಅರ್ಧ ನಿಮಿಷದ ಸಂಗೀತ.

113 ಮುಗಿಯುವಾಗ ಕೆಳಸ್ಥಾಯಿಯ ತಂತಿವಾದ್ಯಗಳು ಒಂದೇ ಸ್ವರಮೇಳವನ್ನು ಹಿಡಿದು ನಿಲ್ಲುತ್ತವೆ. 115 ಶುರುವಾಗುವುದೂ ಅದೇ ಸ್ವರಮೇಳದಿಂದ. ಅದಕ್ಕೇ ನನಗೆ ತಿಳಿಯಲಿಲ್ಲ. ಹೊಲಿಗೆ ಕಾಣುವುದೇ ಇಲ್ಲ. ಎಲ್ಲರ ಹಾಳೆಯೂ ನನ್ನ ಪ್ರತಿಯಿಂದಲೇ ತೆಗೆದದ್ದು, ಆದ್ದರಿಂದ ಎಲ್ಲರಲ್ಲೂ ಆ ಒಂಬತ್ತು ಇಲ್ಲ. ಯಾರೂ ಎಡವುವುದಿಲ್ಲ. ಯಾರೂ ಕೈಯೆತ್ತಿ ಕೇಳುವುದಿಲ್ಲ. ಹಾಗೆಯೇ ರೆಕಾರ್ಡ್ ಆಗುತ್ತದೆ. ಎಂಬತ್ತೇಳು ವರ್ಷಕ್ಕೆ ಇದನ್ನು ನುಡಿಸಲು ಒಬ್ಬರು ಬಂದಿದ್ದಾರೆ. ಇನ್ನೊಬ್ಬರು ಯಾವಾಗ...

ಪ್ರೂಫ್ ನೋಡಿದ್ದು ನನ್ನ ಪಕ್ಕದ ಟೇಬಲ್ಲಿಗೆ ಹೊಸದಾಗಿ ಬಂದ ಅಹಲ್ಯಾ. ಪಾಪ, ನಾನು ಕೊಟ್ಟ ಪ್ರಿಂಟಿಗೇ ಹೋಲಿಸಿ ನೋಡಿದಳು. ಅದರಲ್ಲೂ 114 ಇರಲಿಲ್ಲವಲ್ಲ. ಆದರೆ ಸಹಿ ಅವಳದು. ಪ್ರೊಬೇಷನ್ ಈ ತಿಂಗಳ ಮೂವತ್ತೊಂದಕ್ಕೆ ಮುಗಿಯುತ್ತದೆ.

ಅಕ್ಟೋಬರ್ 3, ಶುಕ್ರವಾರ

ಸಂದೀಪ್‌ಗೆ ಹೇಳಿದೆ. ನಮ್ಮ ಮ್ಯಾನೇಜರ್, ಹಾಸನದವನು. ಬಾಗಿಲು ಹಾಕಿಕೊಂಡ. 113, 115 ಎರಡನ್ನೂ ಸ್ಕ್ರೀನಿನಲ್ಲಿ ತೆರೆದು ನೋಡಿದ.

"ಎಷ್ಟು ಬಾರ್?"

"ಒಂಬತ್ತು."

"ಸಾವಿರದ ಇನ್ನೂರು ಚಿಲ್ಲರೆ ಬಾರಲ್ಲಿ ಒಂಬತ್ತು. ಯಾರಿಗ್ರೀ ಗೊತ್ತಾಗುತ್ತೆ?"

"ನಮಗೆ ಗೊತ್ತಲ್ಲ, ಸಂದೀಪ್."

"ಅಚ್ಛಾ, ಕೇಳಿ. ನೂರಕ್ಕೆ ನೂರು ಸರಿ ಅಂತ ಬರೆದು ಕೊಟ್ಟಿದ್ದೀವಿ. ಸೈನ್ ನಂದು, ನಿಮ್ದು, ಅಹಲ್ಯಾದು. ಮುಂದಿನ ನಾಲ್ಕು ಸಿಂಫನಿಯ ಆರ್ಡರ್ ಇದರ ಮೇಲೆ ನಿಂತಿದೆ." ದನಿ ಇಳಿಸಿದ. "ಕ್ಲೈಂಟ್‌ಗೆ ನೇರ ಮೇಲ್ ಹಾಕಿದ್ರೆ ಅವತ್ತೇ ನಿಮ್ಮ ಕೊನೆ ದಿನ. ನನ್ನ ಕೈಲೂ ಏನೂ ಮಾಡಕ್ಕಾಗಲ್ಲ. ಬಿಟ್ಬಿಡಿ. ಚಲೋ."

ಬಾಗಿಲು ತೆಗೆಯುವ ಮೊದಲು ಹೊರಗೆ ಯಾರಾದರೂ ಇದ್ದಾರಾ ಎಂದು ಇಣುಕಿದ. ಅದನ್ನು ನೋಡಿದ ಮೇಲೆ ನನಗೆ ಇನ್ನೂ ಭಯವಾಯಿತು.

ಅಕ್ಟೋಬರ್ 8, ಬುಧವಾರ

ನಾಲ್ಕು ದಿನ ಬರೆಯಲಿಲ್ಲ. ಬರೆದರೆ ಯಾರಾದರೂ ಓದುತ್ತಾರೆ ಅನ್ನಿಸಿತು. ಯಾರು ಓದುತ್ತಾರೆ, ಕನ್ನಡದಲ್ಲಿ, ಈ ಊರಿನಲ್ಲಿ!

ಫೋನ್ ಟಿಂಗ್ ಎಂದರೆ ಬೋರಲಿಡುತ್ತೇನೆ. ಲಿಫ್ಟಿನಲ್ಲಿ ಯಾರೋ "ಮೇಡಂ" ಎಂದರು, ಬೆವತುಹೋದೆ. ಫ್ಲೋರ್ ಕೇಳಿದ್ದು, ಅಷ್ಟೇ.

ಅಹಲ್ಯಾ ಊಟದ ಡಬ್ಬಿ ತೆಗೆದು, "ಯಾಕಕ್ಕಾ ಸಪ್ಪಗಿದ್ದೀರಿ? ನಿಮ್ಮ ಸಿಂಫನಿ ಬರ್ತಿದೆಯಲ್ಲ!" ಎಂದಳು. ಉಪ್ಪಿನಕಾಯಿ ಬಡಿಸಿದಳು. ತಿಂದೆ. ಅವಳ ಮುಖ ನೋಡಲಿಲ್ಲ.

ಎರಡು ಥರದ ಹೆದರಿಕೆ. ಹೇಳಿದರೆ ಏನಾಗುತ್ತದೋ ಎಂಬುದು ಒಂದು. ಹೇಳದಿದ್ದರೆ ಏನೂ ಆಗುವುದಿಲ್ಲವಲ್ಲ — ಅದೇ ಹೆಚ್ಚು.

ಅಕ್ಟೋಬರ್ 11, ಶನಿವಾರ. ಬೆಳಿಗ್ಗೆ 11

ಕಾಫಿ ಕುಡಿಯುತ್ತ ಅಪ್ಪ ಕೇಳಿಯೇಬಿಟ್ಟರು. "ಮಾಚು, ಏನಾಗಿದೆ ನಿನಗೆ? ಹತ್ತು ದಿನದಿಂದ ತಟ್ಟೆಯಲ್ಲಿ ಅನ್ನ ಹಾಗೇ ಉಳೀತಿದೆ."

ಹೇಳಿದೆ. ಪೂರ್ತಿ. ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. "ಆ ಪುಟ ತೋರಿಸು" ಎಂದರು.

ಲ್ಯಾಪ್‌ಟಾಪಿನಲ್ಲಿ ತೆರೆದೆ. ಕನ್ನಡಕ ಹಾಕಿಕೊಂಡು ಓದಿದರು. ಹಾರ್ನಿನ ಕೀಲಿ ಒತ್ತುವ ಎಡಗೈಯ ಬೆರಳುಗಳು ಮೇಜಿನ ಮೇಲೆ ಆಡಲು ಹೊರಟು ನಿಂತವು.

"ಹಾರ್ನಿಗೆ ಇಲ್ಲಿ ಏನೂ ಇಲ್ವಲ್ಲ."

"ಊದುವವರಿಗೆ ಯಾರಿಗೂ ಇಲ್ಲ ಅಪ್ಪ. ತಂತಿಗಳು ಮೆತ್ತಗೆ ಹಿಡಿದಿರುತ್ತವೆ. ಒಂದೇ ಒಂದು ವಯೋಲಾ ನುಡಿಯುತ್ತೆ."

ಪಿಟೀಲಿಗಿಂತ ತಗ್ಗಿನ ದನಿಯ ಆ ವಾದ್ಯದ ಸಾಲನ್ನು ಅಪ್ಪ ಗುನುಗಿದರು. ಏರುತ್ತದೆ, ಏರುತ್ತದೆ, ಮೇಲೆ ಮುಟ್ಟುವ ಮೊದಲೇ ಇಳಿದುಬಿಡುತ್ತದೆ. ಇಷ್ಟೇನಾ ಅನ್ನಿಸಿತು. ಇದಕ್ಕಾಗಿ ಕೆಲಸ ಕಳೆದುಕೊಳ್ಳಬೇಕಾ?

"ಹೇಳದಿದ್ದರೆ ಏನಾಗುತ್ತೆ?" ಅಪ್ಪ ಕೇಳಿದರು.

"ಏನೂ ಆಗಲ್ಲ."

"ಮತ್ತೆ ಯಾಕೆ ಹೀಗೆ ನಡುಗ್ತಿದ್ದೀಯ?"

ಅಪ್ಪ ಮತ್ತೆ ಗುನುಗಿದರು, ಈ ಸಲ ಕಣ್ಣು ಮುಚ್ಚಿ.

12.40. ಕಳಿಸಿದೆ. ಇಂಗ್ಲೆಂಡಿನ ಪ್ರೊಡ್ಯೂಸರ್ ಹೆಲೆನ್‌ಗೆ. ತಪ್ಪು ನನ್ನದು, ಪ್ರೂಫ್ ನೋಡಿದವಳಿಗೆ ನಾನು ಆ ಪುಟವನ್ನೇ ಕೊಟ್ಟಿರಲಿಲ್ಲ ಎಂದು ಎರಡು ಸಲ ಬರೆದೆ. ಸಂದೀಪ್‌ಗೂ ಕಾಪಿ ಹಾಕಿದೆ. ಬಟನ್ ಒತ್ತಿ ಬಾತ್‌ರೂಮಿಗೆ ಓಡಿದೆ. ವಾಂತಿ.

ಅಕ್ಟೋಬರ್ 12, ಭಾನುವಾರ

ಉತ್ತರ ಇಲ್ಲ. ಸಂದೀಪ್‌ನ ಏಳು ಮಿಸ್ಡ್ ಕಾಲ್.

ಅಕ್ಟೋಬರ್ 13, ಸೋಮವಾರ. ಸಂಜೆ 7

ಮಧ್ಯಾಹ್ನ ಎರಡಕ್ಕೆ ಹೆಲೆನ್ ಬರೆದಳು. ಮೂರೇ ಸಾಲು. ನಿಧಾನದ ಮೂವ್‌ಮೆಂಟ್ ಬುಧವಾರ. ಒಂಬತ್ತು ಬಾರ್ ಸೇರಿಸಿದ ಹಾಳೆಗಳು ಇವತ್ತೇ ಬೇಕು. ಉಳಿದದ್ದು ಆಮೇಲೆ ಮಾತಾಡೋಣ.

ಆ 'ಉಳಿದದ್ದು' ಎಂಬ ಪದದಲ್ಲೇ ಸಿಕ್ಕಿಕೊಂಡೆ.

ಅಹಲ್ಯಾಗೆ ಹೇಳಬೇಕಾಯಿತು. ಮುಖ ಬೆಳ್ಳಗಾಯಿತು. "ನನ್ನ ಸೈನ್ ಇದೆ ಅದರ ಮೇಲೆ. ಹನ್ನೆರಡು ದಿನ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ರಲ್ಲ ಅಕ್ಕಾ! ಒಂದು ಮಾತು ಹೇಳಬಾರದಿತ್ತಾ?"

"ತಪ್ಪಾಯ್ತು. ಹೆದರಿದ್ದೆ."

"ನನಗೆ ಹೆದರಿಕೆ ಇಲ್ವಾ?"

ಎದ್ದು ಹೋದಳು. ಕಾಲು ಗಂಟೆ ಬಿಟ್ಟು ಬಂದು ಕುರ್ಚಿ ಎಳೆದುಕೊಂಡಳು. ಕಣ್ಣು ಕೆಂಪಗಿತ್ತು. "ಊದುವ ವಾದ್ಯಗಳಿಗೂ ಒಂಬತ್ತು ಬಾರ್ ಖಾಲಿ ಸೇರಿಸ್ಬೇಕಲ್ಲ, ಅದೆಲ್ಲ ನಾನು ಮಾಡ್ತೀನಿ. ತಂತಿಯದ್ದು ನೀವು ಮಾಡಿ. ಇವತ್ತು ನನ್ನ ಹತ್ರ ಮಾತಾಡ್ಬೇಡಿ."

ಆರೂವರೆಗೆ ಎಲ್ಲ ಕಳಿಸಿದೆವು. ಕಳಿಸುವ ಮುಂಚೆ ಪುಟ ಪುಟ ಎಣಿಸಿದೆವು, ಇಬ್ಬರೂ ಬೇರೆ ಬೇರೆ.

ಸಂದೀಪ್ ಗಾಜಿನಾಚೆಯಿಂದ ನೋಡುತ್ತಿದ್ದ. ಒಳಗೆ ಬರಲಿಲ್ಲ.

ಅಕ್ಟೋಬರ್ 15, ಬುಧವಾರ. ಮಧ್ಯಾಹ್ನ 12.15

ಎಚ್ಆರ್‌ನಿಂದ ಮೇಲ್. ಮೂರೂವರೆಗೆ ಮೀಟಿಂಗ್. ಲ್ಯಾಪ್‌ಟಾಪ್, ಐಡಿ ಕಾರ್ಡ್ ತರಬೇಕು. ನನ್ನ ಹೆಸರು ಮಾತ್ರ. ಅಹಲ್ಯಾದು ಇಲ್ಲ. ನಾಲ್ಕು ಸಲ ಓದಿದೆ — ಇಲ್ಲ.

ಹೆಲೆನ್ ಒಂದು ಲಿಂಕ್ ಕಳಿಸಿದ್ದಾಳೆ. ಸ್ಟುಡಿಯೋದಲ್ಲಿ ನಡೆಯುತ್ತಿರುವುದನ್ನು ಇಲ್ಲಿಂದಲೇ ಕೇಳಬಹುದು. 'ನೀವು ಕೇಳಬೇಕು' ಎಂದು ಬರೆದಿದ್ದಾಳೆ. ನಿಧಾನದ ಮೂವ್‌ಮೆಂಟ್ ನಮ್ಮ ಮೂರೂಕಾಲಿಗೆ.

ಅಪ್ಪನಿಗೂ ಲಿಂಕ್ ಕಳಿಸಿದೆ. ಮೀಟಿಂಗಿನ ವಿಷಯ ಹೇಳಲಿಲ್ಲ.

3.22, ಪ್ಯಾಂಟ್ರಿ

ಹೆದರಿಕೆ ಹೋಗಿಲ್ಲ. ಹೇಳಿದ ಮೇಲೆ ಹೋಗುತ್ತದೆ ಅಂದುಕೊಂಡಿದ್ದೆ. ಮುಂದಿನ ತಿಂಗಳು ನಾನೆಲ್ಲಿ, ಏನು, ಗೊತ್ತಿಲ್ಲ.

ಕಿವಿಯಲ್ಲಿ ಇಯರ್‌ಫೋನ್. ಕೆಮ್ಮು, ಕುರ್ಚಿ ಸರಿಸಿದ ಸದ್ದು, ಇಂಗ್ಲಿಷಿನಲ್ಲಿ ಯಾರೋ ನಕ್ಕರು. ಆಮೇಲೆ ಶುರುವಾಯಿತು.

ನನ್ನ ತಲೆಯೊಳಗೆ ಇದ್ದದ್ದಕ್ಕಿಂತ ನಿಧಾನ. ನಾನು ಇಷ್ಟು ದುಃಖ ಅಂದುಕೊಂಡಿರಲಿಲ್ಲ.

3.29

ಅಹಲ್ಯಾ ಬಂದಳು. ಒಂದು ಇಯರ್‌ಫೋನ್ ಕಿತ್ತು ತನ್ನ ಕಿವಿಗಿಟ್ಟುಕೊಂಡಳು.

3.33

ಎಚ್ಆರ್ ಹುಡುಗಿ ಬಾಗಿಲಲ್ಲಿ. "ಮೇಡಂ, ಸಬ್ ವೇಟ್ ಕರ್ ರಹೇ ಹೈಂ." ಎಲ್ಲರೂ ಕಾಯುತ್ತಿದ್ದಾರಂತೆ.

ನೂರಾ ಹದಿಮೂರನೆಯ ಪುಟದಲ್ಲಿದ್ದಾರೆ. ತಂತಿಗಳು ಇಳಿಯುತ್ತಿವೆ. ಏಳಲಾರೆ ಎಂದು ಕೈ ಅಡ್ಡ ಮಾಡಿದೆ. ಅಹಲ್ಯಾ ಅವಳಿಗೆ ಏನೋ ಹೇಳುತ್ತಿದ್ದಾಳೆ, ದನಿ ಏರಿಸಿ. ಕೇಳಿಸುತ್ತಿಲ್ಲ. ಇನ್ನು ಮೂರು ಬಾರ್. ಸ್ವರಮೇಳ ನಿಂತಿತು. ಇನ್ನು ಎರಡು. ವಯೋಲಾದವನು ಉಸಿರು ತೆಗೆದುಕೊಂಡದ್ದು ಕೇಳಿಸಿತು. ನೂರಾ ಹದಿನಾಲ್ಕು ಬಂತು, ಪೆನ್ ಕೆಳಗಿಡುತ್ತೇನೆ.